ಡಬ್ಬದ ಮೇಲಿನ 7000, ಕೊನೆಯ ಸಾಲಿನ 52: ಎಸ್‌ಎಸ್‌ಡಿ ಅಂಕಗಳನ್ನು ಓದುವುದು ಹೇಗೆ?

ಚಾಮರಾಜಪೇಟೆಯಲ್ಲಿ ಡಿಟಿಪಿ ಅಂಗಡಿ ನಡೆಸುವ ನನ್ನ ಸೋದರತ್ತೆಯ ಮಗಳು ಒಂದು ಗುರುವಾರ ರಾತ್ರಿ ಫೋನ್ ಮಾಡಿದಳು. ಲಗ್ನಪತ್ರಿಕೆ, ಸ್ಮರಣ ಸಂಚಿಕೆ, ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟು, ಇವೇ ಅವಳ ಕೆಲಸ. ಆರೇಳು ವರ್ಷ ಹಳೆಯ ಕಂಪ್ಯೂಟರಿಗೆ ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಪೇಟೆಯಾದ ಎಸ್.ಪಿ. ರೋಡಿನಿಂದ ಹೊಸ ಎನ್‌ವಿಎಂಇ ಎಸ್‌ಎಸ್‌ಡಿ ತಂದು ಹಾಕಿಸಿದ್ದಳು. ಎಸ್‌ಎಸ್‌ಡಿ ಎಂದರೆ ತಿರುಗುವ ತಟ್ಟೆಯ ಹಾರ್ಡ್‌ಡಿಸ್ಕಿನ ಬದಲು ಚಿಪ್ಪುಗಳಲ್ಲಿ ಫೈಲ್ ಉಳಿಸುವ ಡ್ರೈವ್; ಎನ್‌ವಿಎಂಇ ಅದರಲ್ಲಿ ವೇಗದ ಬಗೆ. ಡಬ್ಬದ ಮೇಲೆ ಸೆಕೆಂಡಿಗೆ 7000 ಎಂಬಿ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅಂಗಡಿಗೆ ಬರುವ ಹುಡುಗನೊಬ್ಬ ವೇಗ ಅಳೆಯುವ ಪ್ರೋಗ್ರಾಂ ಹಾಕಿ ನೋಡಿದರೆ ಬಂದದ್ದು 1740.

"ಕಾಲು ಭಾಗಾನೂ ಇಲ್ಲ ಕಣೋ. ಯಾರೋ ಬಳಸಿದ ಹಳೇ ಮಾಲು ದಾಟಿಸಿಬಿಟ್ಟಿದಾರೆ ಅನ್ಸತ್ತೆ. ನಾಳೆ ಹೋಗಿ ಜಗಳ ಆಡ್ಲಾ?"

"ಈಗ್ಲೇ ಬೇಡಕ್ಕ. ಸ್ಕ್ರೀನಿನ ಫೋಟೋ ಕಳಿಸು, ಎಲ್ಲಾ ಸಾಲೂ ಕಾಣೋ ಹಾಗೆ," ಅಂದೆ.

ಫೋಟೋ ಬಂತು. ಮೇಲಿನ ಸಾಲಿನಲ್ಲಿ 1740, ಕೊನೆಯ ಸಾಲಿನಲ್ಲಿ 52. ಆ 52 ನೋಡಿ ನನಗೆ ಸಮಾಧಾನವಾಯಿತು, ಅವಳಿಗೆ ಇನ್ನಷ್ಟು ಗಾಬರಿಯಾಯಿತು. ಡ್ರೈವ್ ಚೆನ್ನಾಗಿಯೇ ಇತ್ತು. ಅವತ್ತು ಫೋನಿನಲ್ಲಿ ಅವಳಿಗೆ ಹೇಳಿದ್ದನ್ನೂ, ಮರುದಿನ ಅವಳ ಅಂಗಡಿಯಲ್ಲಿ ಕೂತು ಮಾಡಿ ತೋರಿಸಿದ್ದನ್ನೂ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ವಿಂಡೋಸ್ ಇರುವ ಸಾಮಾನ್ಯ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್‌ಗಳನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದದ್ದು ಇದು.

ಮೊದಲು, ನಿಧಾನ ಯಾವುದು ಎಂದು ಪತ್ತೆ ಹಚ್ಚಿ

ಅಳೆಯುವ ಪ್ರೋಗ್ರಾಂ ಇಳಿಸಿಕೊಳ್ಳುವ ಮುಂಚೆ ಹತ್ತು ನಿಮಿಷ ಟಾಸ್ಕ್ ಮ್ಯಾನೇಜರ್ ನೋಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಅದು ತೆರೆಯುತ್ತದೆ. ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ, ಅದನ್ನು ತೆರೆದಿಟ್ಟುಕೊಂಡೇ ನಿಮಗೆ ಬೇಸರ ತರಿಸುವ ಕೆಲಸವನ್ನು ಮಾಡಿ: ದೊಡ್ಡ ಫೈಲ್ ತೆರೆಯಿರಿ, ಪಿಡಿಎಫ್ ಮಾಡಿ, ಏನು ನಿಧಾನವೋ ಅದನ್ನೇ ಮಾಡಿ.

ಡಿಸ್ಕ್ ಶೇ. 100ರಲ್ಲಿ ನಿಂತು, ವೇಗ ಮಾತ್ರ ಒಂದೆರಡು ಎಂಬಿಯಲ್ಲೇ ತೆವಳುತ್ತಿದ್ದರೆ ತೊಂದರೆ ಡಿಸ್ಕಿನದು. ಮೆಮೊರಿ ಶೇ. 90 ದಾಟಿದ್ದರೆ ಮೊದಲ ಅನುಮಾನ ರ‍್ಯಾಮ್ ಮೇಲೆ, ಅಂದರೆ ಕೆಲಸ ನಡೆಯುವಾಗ ಬಳಸುವ ತಾತ್ಕಾಲಿಕ ಸ್ಮೃತಿಯ ಮೇಲೆ ಬರಲಿ. ರ‍್ಯಾಮ್ ಸಾಲದಾದಾಗ ವಿಂಡೋಸ್ ಡಿಸ್ಕಿನ ಒಂದು ಭಾಗವನ್ನೇ ರ‍್ಯಾಮ್‌ನಂತೆ ಬಳಸುತ್ತದೆ; ಆಗ ಡಿಸ್ಕ್ ಕೂಡ ಬಿಡುವಿಲ್ಲದೆ ಓಡುವುದರಿಂದ ತಪ್ಪು ಅದರದೇ ಎಂದು ಕಾಣುತ್ತದೆ. ಪ್ರೊಸೆಸರ್ ವಿಚಾರದಲ್ಲಿ ಒಂದು ಮೋಸದ ಗ್ರಾಫ್ ಇದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಎಂಟು ಥ್ರೆಡ್‌ಗಳಿರುವ, ಅಂದರೆ ಎಂಟು ಕೆಲಸದ ಎಳೆಗಳನ್ನು ಒಟ್ಟಿಗೆ ನಡೆಸಬಲ್ಲ ಪ್ರೊಸೆಸರಿನಲ್ಲಿ ಒಂದೇ ಥ್ರೆಡ್ ಉಸಿರುಗಟ್ಟಿ ದುಡಿಯುತ್ತಿದ್ದರೂ ಒಟ್ಟು ಗ್ರಾಫ್ ತೋರಿಸುವುದು ಶೇ. 12ರ ಆಸುಪಾಸು ಮಾತ್ರ. "ಪ್ರೊಸೆಸರ್ ಖಾಲಿ ಕೂತಿದೆ" ಎಂದು ನಾವು ಅಂದುಕೊಳ್ಳುತ್ತೇವೆ. ಗ್ರಾಫಿನ ಮೇಲೆ ಬಲ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್‌ಗಳನ್ನು ಬೇರೆಬೇರೆಯಾಗಿ ತೋರಿಸಲು ಹೇಳಿದರೆ ನಿಜ ಸ್ಥಿತಿ ಕಾಣುತ್ತದೆ.

ಏಕಮಾನದ ಗೊಂದಲ

ಇದನ್ನು ಬೇಗ ಮುಗಿಸೋಣ. ಡಬ್ಬದ ಮೇಲಿನ 1 ಟಿಬಿ ಎಂದರೆ ಒಂದರ ಮುಂದೆ 12 ಸೊನ್ನೆಯಷ್ಟು ಬೈಟ್. ವಿಂಡೋಸ್ 1000ದ ಬದಲು 1024ರಿಂದ ಭಾಗಿಸುತ್ತಾ ಹೋಗುವುದರಿಂದ ಅದೇ ಡ್ರೈವ್ 931 ಜಿಬಿ ಎಂದು ಕಾಣುತ್ತದೆ. 512 ಜಿಬಿಯದು 476 ಆಗುತ್ತದೆ. ಯಾರೂ ಏನನ್ನೂ ಕದ್ದಿಲ್ಲ. ಇಂಟರ್ನೆಟ್ ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ, ಡಿಸ್ಕಿನ ವೇಗವನ್ನು ಬೈಟ್‌ಗಳಲ್ಲಿ. ಮನೆಯ 100 ಎಂಬಿಪಿಎಸ್ ಸಂಪರ್ಕ ಸೆಕೆಂಡಿಗೆ ತರುವುದು 12.5 ಎಂಬಿಯಷ್ಟೇ. ಅಷ್ಟನ್ನು ಹಳೆಯ ಹಾರ್ಡ್‌ಡಿಸ್ಕ್ ಕೂಡ ಸಲೀಸಾಗಿ ಬರೆದುಕೊಳ್ಳುತ್ತದೆ. ಆದ್ದರಿಂದ ಡೌನ್‌ಲೋಡ್ ಬೇಗ ಆಗಲಿ ಎಂದು ಎಸ್‌ಎಸ್‌ಡಿಗೆ ದುಡ್ಡು ಹಾಕಬೇಡಿ.

ಡ್ರೈವ್ ಯಾವ ದಾರಿಯಲ್ಲಿ ಕೂತಿದೆ?

ಅಕ್ಕನ 1740ಕ್ಕೆ ಉತ್ತರ ಇಲ್ಲಿದೆ. ಎಸ್‌ಎಸ್‌ಡಿ ಎಷ್ಟೇ ವೇಗದ್ದಾದರೂ ಮದರ್‌ಬೋರ್ಡ್ ಕೊಟ್ಟ ದಾರಿಯ ಅಗಲವನ್ನು ಮೀರಲಾರದು.

ಹಳೆಯ ಸಾಟಾ ಕೇಬಲ್ಲಿನ ದಾರಿ ಸೆಕೆಂಡಿಗೆ 6 ಗಿಗಾಬಿಟ್. ಅದರಲ್ಲಿ ಪ್ರತಿ ಎಂಟು ಬಿಟ್ ಸಾಗಿಸಲು ಹತ್ತು ಬಿಟ್ ಖರ್ಚಾಗುವುದರಿಂದ ಉಳಿಯುವುದು 600 ಎಂಬಿ, ಕೈಗೆ ಸಿಗುವುದು 550ರ ಆಸುಪಾಸು. ಎಲ್ಲ ಸಾಟಾ ಎಸ್‌ಎಸ್‌ಡಿಗಳ ಡಬ್ಬದ ಮೇಲೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ಇರುವುದು ಇದೇ ಕಾರಣಕ್ಕೆ. ಎನ್‌ವಿಎಂಇ ಡ್ರೈವ್‌ಗಳು ಪಿಸಿಐಇ ದಾರಿ ಹಿಡಿಯುತ್ತವೆ. ಅಲ್ಲಿ ಎರಡು ಸಂಗತಿ ನೋಡಬೇಕು: ತಲೆಮಾರು ಮತ್ತು ಲೇನ್‌ಗಳ (ರಸ್ತೆಯಲ್ಲಿರುವಂಥ ಪಥಗಳ) ಸಂಖ್ಯೆ. ಮೂರನೆಯ ತಲೆಮಾರಿನ ನಾಲ್ಕು ಲೇನ್‌ಗಳಲ್ಲಿ ಸುಮಾರು 3500 ಎಂಬಿ, ನಾಲ್ಕನೆಯದರಲ್ಲಿ 7000ದ ಮೇಲಷ್ಟು, ಐದನೆಯದರಲ್ಲಿ 14000ದವರೆಗೆ ಸಿಗುತ್ತದೆ. ಲೇನ್ ಎರಡೇ ಇದ್ದರೆ ಇವೆಲ್ಲ ಅರ್ಧ.

ಇದನ್ನು ತಿಳಿಯಲು ಸ್ಕ್ರೂ ಬಿಚ್ಚಬೇಕಿಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಪ್ರೋಗ್ರಾಂ ಇದೆ. ಅದರಲ್ಲಿ ಟ್ರಾನ್ಸ್‌ಫರ್ ಮೋಡ್ ಎಂಬ ಸಾಲು ಹುಡುಕಿ. ನಡುವೆ ಒಂದು ಗೀಟು, ಅದರ ಎಡಕ್ಕೆ ಈಗ ಸಿಕ್ಕಿರುವ ದಾರಿ, ಬಲಕ್ಕೆ ಡ್ರೈವ್‌ಗೆ ಸಾಧ್ಯವಿರುವ ದಾರಿ. ಅಕ್ಕನ ಕಂಪ್ಯೂಟರಿನಲ್ಲಿ ಎಡಕ್ಕೆ ಪಿಸಿಐಇ 3.0 ಎಕ್ಸ್2 (ಮೂರನೆಯ ತಲೆಮಾರು, ಎರಡು ಲೇನ್), ಬಲಕ್ಕೆ ಪಿಸಿಐಇ 4.0 ಎಕ್ಸ್4 ಎಂದಿತ್ತು. ತಲೆಮಾರು ಒಂದು ಹಿಂದೆ, ಅದಕ್ಕೇ ಅರ್ಧ ಹೋಯಿತು. ಲೇನ್ ಅರ್ಧ, ಅದಕ್ಕೆ ಇನ್ನರ್ಧ. 7000 ಕಾಲುಭಾಗವಾಗಿ 1750ರ ಹತ್ತಿರ ಬಂದು ನಿಂತಿತು. ಲೆಕ್ಕ ಸರಿಯಾಗಿಯೇ ಇತ್ತು.

"ಬಳಸಿದ ಮಾಲು" ಎಂಬ ಅವಳ ಅನುಮಾನಕ್ಕೂ ಅದೇ ಪುಟದಲ್ಲಿ ಉತ್ತರವಿತ್ತು. ಪವರ್ ಆನ್ ಅವರ್ಸ್ ಎಂಬಲ್ಲಿ 3 ಗಂಟೆ. ಈವರೆಗೆ ಒಟ್ಟು ಎಷ್ಟು ಬರೆದಿದೆ ಎಂದು ಹೇಳುವ ಟೋಟಲ್ ಹೋಸ್ಟ್ ರೈಟ್ಸ್ ಎಂಬಲ್ಲಿ ಅವಳೇ ಹಳೆಯ ಹಾರ್ಡ್‌ಡಿಸ್ಕಿನಿಂದ ಸಾಗಿಸಿದಷ್ಟು ಜಿಬಿ. ಹೊಸ ಡ್ರೈವ್ ಎಂದು ಕೊಂಡದ್ದರಲ್ಲಿ ಇವೆರಡೂ ಸಾವಿರಗಳಲ್ಲಿದ್ದರೆ ಮಾತ್ರ ಅಂಗಡಿಗೆ ವಾಪಸ್ ಹೋಗಿ ಕೇಳುವ ಹಕ್ಕು ನಿಮಗಿದೆ.

ಇನ್ನೊಂದು ಮಾತು. ಎಂ.2 ಎಂಬುದು ಆಕಾರದ ಹೆಸರು, ವೇಗದ ಹೆಸರಲ್ಲ. 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ, ಅಷ್ಟೇ. ಅದೇ ಆಕಾರದಲ್ಲಿ ಸಾಟಾ ಡ್ರೈವ್‌ಗಳೂ ಬರುತ್ತವೆ. ಸಾಟಾ ಮಾತ್ರ ಬಲ್ಲ ಎಂ.2 ಸ್ಲಾಟಿಗೆ ಎನ್‌ವಿಎಂಇ ಡ್ರೈವ್ ಹಾಕಿದರೆ ಅದು ಕಾಣಿಸಿಕೊಳ್ಳುವುದೇ ಇಲ್ಲ. ಮದರ್‌ಬೋರ್ಡಿನ ಮಾಡೆಲ್ ಸಂಖ್ಯೆ ಬರೆದುಕೊಂಡು, ತಯಾರಕರ ಪುಟದಲ್ಲಿ ಆ ಸ್ಲಾಟ್ ಯಾವ ಬಗೆಯದು ಎಂದು ಓದಿದ ಮೇಲೆಯೇ ದುಡ್ಡು ಕೊಡಿ.

ಅಳೆಯುವ ಶಿಸ್ತು

ಈಗ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್. ಉಚಿತ, ಚಿಕ್ಕದು, ಒಳಗೆ ಓಡುವುದು ಮೈಕ್ರೋಸಾಫ್ಟಿನದೇ ಡಿಸ್ಕ್‌ಸ್ಪೀಡ್ ಎಂಬ ಸಾಧನ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಅಳೆಯಿರಿ. ಕಂಪ್ಯೂಟರ್ ಆನ್ ಮಾಡಿದ ತಕ್ಷಣ ಬೇಡ, ಹತ್ತು ನಿಮಿಷ ಅದರ ಪಾಡಿಗೆ ಬಿಡಿ. ಹಿನ್ನೆಲೆಯಲ್ಲಿ ವಿಂಡೋಸ್ ಅಪ್‌ಡೇಟ್, ಆಂಟಿವೈರಸ್, ಕ್ಲೌಡ್ ಫೋಲ್ಡರ್‌ಗಳ ಓಡಾಟ ನಿಂತಿದೆಯೇ ಎಂದು ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿ. ಬ್ರೌಸರ್ ಮುಚ್ಚಿ. ಮೂರು ಸಲ ಅಳೆದು ನಡುವಿನ ಸಂಖ್ಯೆ ಇಟ್ಟುಕೊಳ್ಳಿ. ಅತಿ ಹೆಚ್ಚು ಬಂದದ್ದನ್ನು ಹಿಡಿದುಕೊಂಡರೆ ನಮಗೆ ನಾವೇ ಸುಳ್ಳು ಹೇಳಿಕೊಂಡಂತೆ.

ಬೇರೆಯವರ ಚಿತ್ರದೊಂದಿಗೆ ಹೋಲಿಸುವಾಗ ಸಾಲುಗಳ ಹೆಸರು ಒಂದೇ ಇದೆಯೇ ಎಂದು ನೋಡಿ. ಈ ಪ್ರೋಗ್ರಾಮಿನಲ್ಲಿ ಡೀಫಾಲ್ಟ್, ಎನ್‌ವಿಎಂಇ ಎಂದು ಬೇರೆಬೇರೆ ಸೆಟ್ಟಿಂಗ್ ಇವೆ, ಸಾಲುಗಳು ಬದಲಾಗುತ್ತವೆ. ಒಬ್ಬರ ಎರಡನೆಯ ಸಾಲಿಗೂ ಇನ್ನೊಬ್ಬರ ಎರಡನೆಯ ಸಾಲಿಗೂ ಸಂಬಂಧವೇ ಇಲ್ಲದಿರಬಹುದು. ದಿನಾ ಅಳೆಯುವ ಚಟವೂ ಬೇಡ. ವೇಗದ ಡ್ರೈವ್‌ನಲ್ಲಿ ಒಂದು ಸುತ್ತು ಮುಗಿಯುವ ಹೊತ್ತಿಗೆ ಹತ್ತಾರು ಜಿಬಿ ಬರೆದಾಗಿರುತ್ತದೆ, ಅದೆಲ್ಲ ಡ್ರೈವ್‌ನ ಆಯಸ್ಸಿನ ಲೆಕ್ಕಕ್ಕೇ ಹೋಗುತ್ತದೆ.

ಅಂಕ ಏರಿಸುವ ಒಂದು ಉಪಾಯವನ್ನು ಮಾತ್ರ ಯಾರು ಹೇಳಿದರೂ ಮಾಡಬೇಡಿ. ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವ್‌ನ ಪಾಲಿಸೀಸ್ ಪುಟದಲ್ಲಿ, ರೈಟ್ ಕ್ಯಾಶ್ ಬಫರ್ ಫ್ಲಶಿಂಗ್ ನಿಲ್ಲಿಸುವ ಒಂದು ಆಯ್ಕೆ ಇದೆ. ಅದನ್ನು ಟಿಕ್ ಮಾಡಿದರೆ ಕೆಲವು ಸಂಖ್ಯೆಗಳು ಚೆಂದ ಕಾಣುತ್ತವೆ. ಆದರೆ "ಬರೆದಾಯಿತು" ಎಂದು ಕಂಪ್ಯೂಟರ್ ನಂಬಿದ್ದು ನಿಜವಾಗಿ ಚಿಪ್ಪಿಗೆ ತಲುಪಿರುವುದಿಲ್ಲ. ಮೇ ತಿಂಗಳ ಸಂಜೆ ಗುಡುಗು ಮಳೆಗೆ ಕರೆಂಟು ಹೋಯಿತೆಂದರೆ, ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಅರ್ಧ ಬರೆದ ಫೈಲ್ ಉಳಿಯುತ್ತದೆ. ಒಂದು ಲಗ್ನಪತ್ರಿಕೆಯ ಫೈಲ್ ಹಾಗೆ ಹೋದರೆ ಆ ಮನೆಯವರಿಗೆ ಏನು ಹೇಳುತ್ತೀರಿ?

ನಾಲ್ಕು ಸಾಲುಗಳ ಅರ್ಥ

ಡೀಫಾಲ್ಟ್ ಸೆಟ್ಟಿಂಗಿನಲ್ಲಿ ನಾಲ್ಕು ಸಾಲು. ಮೊದಲ ಎರಡು ಎಸ್‌ಇಕ್ಯೂ ಎಂದು ಶುರುವಾಗುತ್ತವೆ: ಒಂದರ ಪಕ್ಕ ಒಂದಾಗಿ ಜೋಡಿಸಿಟ್ಟ ದೊಡ್ಡ ತುಂಡುಗಳನ್ನು ಸಲೀಸಾಗಿ ಓದುವುದು. ಕೊನೆಯ ಎರಡು ಆರ್‌ಎನ್‌ಡಿ4ಕೆ: ಅಲ್ಲಲ್ಲಿ ಚದುರಿದ 4 ಕೆಬಿಯ ಚಿಕ್ಕ ತುಂಡುಗಳನ್ನು ಹುಡುಕಿ ತರುವುದು. ಪಕ್ಕದ ಕ್ಯೂ ಎಂಬುದು ಒಂದೇ ಸಲಕ್ಕೆ ಎಷ್ಟು ಬೇಡಿಕೆಗಳನ್ನು ಮುಂದಿಟ್ಟಿದ್ದೇವೆ ಎಂಬ ಲೆಕ್ಕ, ಟಿ ಎಂಬುದು ಎಷ್ಟು ಥ್ರೆಡ್‌ಗಳಿಂದ ಎಂಬ ಲೆಕ್ಕ.

ಅಕ್ಕನಿಗೆ ಇದನ್ನು ದರ್ಶಿನಿಯ ಲೆಕ್ಕದಲ್ಲಿ ಹೇಳಿದೆ. ಗೃಹಪ್ರವೇಶಕ್ಕೆ 200 ಇಡ್ಲಿ ಬೇಕೆಂದು ಹಿಂದಿನ ದಿನವೇ ಹೇಳಿಟ್ಟಿದ್ದೀರಿ. ಬೆಳಗ್ಗೆ ಹೋದರೆ ದೊಡ್ಡ ಡಬ್ಬಿಯಲ್ಲಿ ತುಂಬಿ ಕೊಡುತ್ತಾರೆ, ಗಾಡಿಗೆ ಹಾಕಿಕೊಂಡು ಬರುತ್ತೀರಿ. ಅದು ಮೊದಲ ಸಾಲು. ಇನ್ನು ಎಂಟು ಗಂಟೆಯ ನೂಕುನುಗ್ಗಲಿನಲ್ಲಿ 32 ಜನ ಕೌಂಟರಿನ ಮುಂದೆ ಒಟ್ಟಿಗೆ ಟೋಕನ್ ಚಾಚಿದ್ದಾರೆ. ಒಂದು ಕಾವಲಿಯ ಮೇಲೆ ಎಂಟು ದೋಸೆ, ಪಕ್ಕದವನ ಕೈಯಲ್ಲಿ ಸಾಲಾಗಿ ಕಾಫಿ ಲೋಟ; ಒಟ್ಟು ಸರಬರಾಜು ಭರ್ಜರಿಯಾಗಿರುತ್ತದೆ. ಅದು ಕ್ಯೂ32 ಎಂಬ ಮೂರನೆಯ ಸಾಲು. ಕೊನೆಯ ಸಾಲು ಬೇರೆ: ಒಬ್ಬನೇ ಗಿರಾಕಿ ಒಂದು ಇಡ್ಲಿಯ ಟೋಕನ್ ಕೊಡುತ್ತಾನೆ, ಬಂದದ್ದನ್ನು ತಿಂದು, ಆಮೇಲೆ ವಡೆ ಬೇಕೋ ಕಾಫಿ ಬೇಕೋ ಎಂದು ತೀರ್ಮಾನಿಸಿ, ಮತ್ತೆ ಕೌಂಟರಿಗೆ ಬರುತ್ತಾನೆ. ಅಡುಗೆಮನೆ ಎಷ್ಟೇ ದೊಡ್ಡದಿರಲಿ, ಅವನಿಗೆ ಮುಖ್ಯವಾಗುವುದು ಒಂದು ಟೋಕನ್ನಿಗೆ ಎಷ್ಟು ಹೊತ್ತು ಕಾಯಬೇಕು ಎಂಬುದು.

ನಮ್ಮ ಕಂಪ್ಯೂಟರ್ ದಿನದ ಬಹುಪಾಲು ಆ ಒಬ್ಬನೇ ಗಿರಾಕಿಯ ಹಾಗೆ. ವಿಂಡೋಸ್ ಎದ್ದೇಳುವಾಗ, ಫೋಟೋಶಾಪ್ ತೆರೆಯುವಾಗ, ಫಾಂಟುಗಳ ಪಟ್ಟಿ ತುಂಬಿಕೊಳ್ಳುವಾಗ ಒಂದು ಚಿಕ್ಕ ಫೈಲ್ ಓದಿ, ಅದರಲ್ಲಿ ಏನಿದೆಯೋ ನೋಡಿ, ಮುಂದಿನದು ಯಾವುದು ಎಂದು ನಿರ್ಧರಿಸುತ್ತದೆ. 32 ಬೇಡಿಕೆಗಳನ್ನು ಒಟ್ಟಿಗೆ ಮುಂದಿಡಲು ಅದಕ್ಕೆ ಮೊದಲೇ ಗೊತ್ತಿದ್ದರಲ್ಲವೇ?

ಅಂಕಿಗಳನ್ನು ಎದುರುಬದುರು ಇಟ್ಟು ನೋಡಿ. 7200 ಸುತ್ತಿನ ಹಾರ್ಡ್‌ಡಿಸ್ಕಿನ ತಟ್ಟೆ ಒಂದು ಸುತ್ತು ತಿರುಗಲು 8.3 ಮಿಲಿಸೆಕೆಂಡ್. ಬೇಕಾದ ಜಾಗ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಸೂಜಿ ಸರಿಯುವ ಹೊತ್ತು ಬೇರೆ. ಹೀಗಾಗಿ ಕೊನೆಯ ಸಾಲಿನಲ್ಲಿ ಅದು ತೋರಿಸುವುದು ಸೆಕೆಂಡಿಗೆ 0.6 ಎಂಬಿಯ ಆಸುಪಾಸು. ಸಾಟಾ ಎಸ್‌ಎಸ್‌ಡಿ 30ರಿಂದ 40, ಮೂರನೆಯ ತಲೆಮಾರಿನ ಎನ್‌ವಿಎಂಇ 50ರಿಂದ 60, ನಾಲ್ಕನೆಯದು 70ರಿಂದ 90. ಡಬ್ಬದ ಸಂಖ್ಯೆ ಸಾಟಾದಿಂದ ನಾಲ್ಕನೆಯ ತಲೆಮಾರಿಗೆ 550ರಿಂದ 7000ಕ್ಕೆ, ಹತ್ತಿರ ಹತ್ತಿರ 13 ಪಟ್ಟು ಹಾರುತ್ತದೆ. ಕೊನೆಯ ಸಾಲು ಹಾರುವುದು ಎರಡು ಪಟ್ಟು, ಹೆಚ್ಚೆಂದರೆ ಅದಕ್ಕಿಂತ ತುಸು ಮೇಲೆ. ಹಾರ್ಡ್‌ಡಿಸ್ಕಿನಿಂದ ಯಾವುದೇ ಎಸ್‌ಎಸ್‌ಡಿಗೆ ಬಂದಾಗ ಅದೇ ಸಾಲು 50 ಪಟ್ಟು ಹಾರಿರುತ್ತದೆ. ಹಾರ್ಡ್‌ಡಿಸ್ಕ್ ಬಿಟ್ಟ ದಿನ ಹೊಸ ಕಂಪ್ಯೂಟರ್ ಬಂದಂತೆ ಅನಿಸಿ, ಸಾಟಾದಿಂದ ದುಬಾರಿ ಎನ್‌ವಿಎಂಇಗೆ ಹೋದ ದಿನ "ಏನೂ ವ್ಯತ್ಯಾಸ ಕಾಣ್ತಿಲ್ವಲ್ಲ" ಎಂದು ಅನಿಸುವುದು ಇದಕ್ಕೇ.

ಅಕ್ಕನ 52ನ್ನು ಹೀಗೆ ಬಿಡಿಸಬಹುದು. ಸೆಕೆಂಡಿಗೆ 52 ಎಂಬಿಯನ್ನು 4 ಕೆಬಿಯಿಂದ ಭಾಗಿಸಿದರೆ ಸುಮಾರು 12,700 ತುಂಡುಗಳು. ಒಂದು ತುಂಡಿಗೆ 79 ಮೈಕ್ರೋಸೆಕೆಂಡ್. ಅವಳ ಹಳೆಯ ಹಾರ್ಡ್‌ಡಿಸ್ಕ್ ಅದೇ ತುಂಡಿಗೆ ಏಳು ಸಾವಿರದ ಹತ್ತಿರ ಮೈಕ್ರೋಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಕಿರಿದಾದ ಸ್ಲಾಟ್ ಈ ಸಾಲನ್ನು ಹೆಚ್ಚೇನೂ ಕೆಡಿಸುವುದಿಲ್ಲ. 1740 ಹೋಗುವ ದಾರಿಯಲ್ಲಿ 52ಕ್ಕೆ ಧಾರಾಳ ಜಾಗವಿದೆ. ಈ ಸಾಲನ್ನು ಕುಗ್ಗಿಸುವುದು ಹಳೆಯ ಪ್ರೊಸೆಸರ್, ವಿದ್ಯುತ್ ಉಳಿಸುವ ಸೆಟ್ಟಿಂಗ್, ಡ್ರೈವ್ ಪೂರ್ತಿ ಬಿಟ್‌ಲಾಕರ್ (ವಿಂಡೋಸ್‌ನ ಗೂಢಲಿಪಿ) ಬೀಗ, ಇಂಥವು.

ಒಂದು ವಿಚಿತ್ರ ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ: ಕೊನೆಯ ಸಾಲಿನಲ್ಲಿ ಓದುವ ವೇಗಕ್ಕಿಂತ ಬರೆಯುವ ವೇಗ ಎರಡು ಮೂರು ಪಟ್ಟು ಹೆಚ್ಚು. ಬರೆಯುವುದು ಕಷ್ಟ, ಓದುವುದು ಸುಲಭ ಅಲ್ಲವೇ? ಬರೆಯುವಾಗ ಡ್ರೈವ್ ತನ್ನ ತಾತ್ಕಾಲಿಕ ಸ್ಮೃತಿಯಲ್ಲಿ ಇಟ್ಟುಕೊಂಡು "ಆಯಿತು" ಎನ್ನಬಹುದು. ಓದುವಾಗ ಹಾಗೆ ಸಬೂಬು ಹೇಳಲಾಗದು. ಚಿಪ್ಪಿನಿಂದ ತಂದೇ ಕೊಡಬೇಕು.

ಇಂಟೆಲ್ ಕಂಪನಿಯ ಆಪ್ಟೇನ್ ಡ್ರೈವ್‌ಗಳ ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತದೆ. 2017ರಲ್ಲಿ ಬಂದ 900ಪಿ ಮಾಡೆಲ್ಲಿನ ಡಬ್ಬದ ಸಂಖ್ಯೆ 2500 ಮಾತ್ರ. ಕೊನೆಯ ಸಾಲಿನಲ್ಲಿ ಅದು 200 ದಾಟುತ್ತಿತ್ತು. ಬೆಲೆ ಜಾಸ್ತಿ ಇತ್ತು, ಡಬ್ಬದ ಸಂಖ್ಯೆಯೂ ಕಣ್ಣು ಕುಕ್ಕುವಂತಿರಲಿಲ್ಲ. 2022ರಲ್ಲಿ ಕಂಪನಿ ಆ ವ್ಯವಹಾರವನ್ನೇ ಮುಚ್ಚುವುದಾಗಿ ಹೇಳಿತು.

ಜಗಲಿ ತುಂಬಿದ ಮೇಲೆ

ಡಬ್ಬದ ಮೇಲಿನ ಬರೆಯುವ ವೇಗ ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಡಬ್ಬ ಹೇಳುವುದಿಲ್ಲ. ಕಲ್ಯಾಣ ಮಂಟಪದಿಂದ 200 ಜಿಬಿ ವಿಡಿಯೋ ತಂದು ಸುರಿಯುವವರಿಗೆ ಇದೇ ಮುಖ್ಯ ಪ್ರಶ್ನೆ.

ಎಸ್‌ಎಸ್‌ಡಿಯ ಒಳಗಿನ ನ್ಯಾಂಡ್ ಫ್ಲ್ಯಾಶ್ ಚಿಪ್ಪಿನ ಒಂದೊಂದು ಕೋಶವನ್ನೂ ಒಂದು ಲೋಟ ಎಂದುಕೊಳ್ಳಿ. ಲೋಟ ತುಂಬಿದೆ ಅಥವಾ ಖಾಲಿ ಎಂದಷ್ಟೇ ಗುರುತಿಟ್ಟರೆ ಒಂದು ಬಿಟ್, ಅದು ಎಸ್‌ಎಲ್‌ಸಿ. ಬರೆಯುವುದು ಬಹಳ ಬೇಗ. ಅದೇ ಲೋಟಕ್ಕೆ ಎಂಟು ಗೀಟು ಹಾಕಿ ನೀರನ್ನು ಸರಿಯಾದ ಮಟ್ಟಕ್ಕೆ ನಿಲ್ಲಿಸಿದರೆ ಮೂರು ಬಿಟ್, ಅದು ಟಿಎಲ್‌ಸಿ. ಹದಿನಾರು ಗೀಟಾದರೆ ನಾಲ್ಕು ಬಿಟ್, ಕ್ಯೂಎಲ್‌ಸಿ. ಗೀಟು ಹೆಚ್ಚಿದಷ್ಟೂ ಅದೇ ಚಿಪ್ಪಿನಲ್ಲಿ ಹೆಚ್ಚು ಹಿಡಿಯುತ್ತದೆ, ಬೆಲೆ ಇಳಿಯುತ್ತದೆ, ಆದರೆ ಅಳೆದು ಸುರಿಯಲು ಹೊತ್ತು ಹಿಡಿಯುತ್ತದೆ, ಲೋಟವೂ ಬೇಗ ಸವೆಯುತ್ತದೆ.

ಕಂಪನಿಗಳು ಇದಕ್ಕೊಂದು ಜಾಣ ದಾರಿ ಕಂಡುಕೊಂಡಿವೆ. ಅವೆನ್ಯೂ ರಸ್ತೆಯ ಕಿರಿದಾದ ಅಂಗಡಿಯ ಮುಂದೆ ಸರಕಿನ ಗಾಡಿ ನಿಂತಾಗ ಏನಾಗುತ್ತದೆ? ಮೂಟೆಗಳನ್ನು ಮೊದಲು ಜಗಲಿಯ ಮೇಲೆ ಧಡಧಡ ಇಳಿಸಿ ಗಾಡಿಯನ್ನು ಕಳಿಸಿಬಿಡುತ್ತಾರೆ. ಆಮೇಲೆ ನಿಧಾನವಾಗಿ ಒಳಗಿನ ಅಟ್ಟಕ್ಕೆ ಜೋಡಿಸುತ್ತಾರೆ. ಎಸ್‌ಎಸ್‌ಡಿ ತನ್ನ ಖಾಲಿ ಕೋಶಗಳಲ್ಲಿ ಒಂದಷ್ಟನ್ನು ಒಂದು ಬಿಟ್ಟಿನ ಲೆಕ್ಕದಲ್ಲಿ ಬಳಸಿ ಇಂಥದ್ದೇ ಜಗಲಿ ಮಾಡಿಕೊಳ್ಳುತ್ತದೆ. ಡಬ್ಬದ ಮೇಲಿನ ಬರೆಯುವ ವೇಗ ಜಗಲಿಯ ವೇಗ. ಜಗಲಿ ತುಂಬಿದ ಮೇಲೆ ಮೂಟೆ ನೇರ ಅಟ್ಟಕ್ಕೇ ಹೋಗಬೇಕು. ಒಳ್ಳೆಯ ಟಿಎಲ್‌ಸಿ ಡ್ರೈವ್ ಆಗಲೂ ಸಾವಿರದ ಆಸುಪಾಸು ಉಳಿಸಿಕೊಳ್ಳಬಹುದು. ಅಗ್ಗದ ಕ್ಯೂಎಲ್‌ಸಿ ಡ್ರೈವ್‌ಗಳು 100ರ ಹತ್ತಿರಕ್ಕೆ, ಅಂದರೆ ಹಳೆಯ ಹಾರ್ಡ್‌ಡಿಸ್ಕಿನ ಮಟ್ಟಕ್ಕೇ ಬೀಳುವುದುಂಟು. ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಸಾಮಾನ್ಯವಾಗಿ ಬಳಸುವ 1 ಜಿಬಿ ಕಡತ ಈ ಬೀಳುವಿಕೆಯನ್ನು ತೋರಿಸುವುದೇ ಇಲ್ಲ, ಅಷ್ಟು ಚಿಕ್ಕ ಮೂಟೆ ಜಗಲಿಯಲ್ಲೇ ಮುಗಿಯುತ್ತದೆ.

ಪರೀಕ್ಷಿಸುವುದು ಸುಲಭ. ದೊಡ್ಡ ವಿಡಿಯೋಗಳಿರುವ 80 ಅಥವಾ 100 ಜಿಬಿಯ ಫೋಲ್ಡರನ್ನು ಇನ್ನೊಂದು ವೇಗದ ಎಸ್‌ಎಸ್‌ಡಿಯಿಂದ ಕಾಪಿ ಮಾಡಿ, ವಿಂಡೋಸ್ ತೋರಿಸುವ ಗ್ರಾಫ್ ನೋಡುತ್ತ ಕೂರಿ. ಎಷ್ಟು ಜಿಬಿ ಆದಮೇಲೆ ಗ್ರಾಫ್ ಕುಸಿಯಿತು, ಕುಸಿದ ಮೇಲೆ ಎಷ್ಟರಲ್ಲಿ ನಿಂತಿತು, ಈ ಎರಡನ್ನೂ ಬರೆದುಕೊಳ್ಳಿ. ಪೆನ್‌ಡ್ರೈವ್‌ನಿಂದ ಕಾಪಿ ಮಾಡಿದರೆ ನೀವು ಅಳೆಯುತ್ತಿರುವುದು ಪೆನ್‌ಡ್ರೈವ್ ಅನ್ನು.

ಡ್ರೈವ್ ತುಂಬುತ್ತ ಬಂದಂತೆ ಜಗಲಿಯೂ ಕಿರಿದಾಗುತ್ತದೆ. ಫ್ಲ್ಯಾಶ್ ಚಿಪ್ಪಿನಲ್ಲಿ ಪುಟಪುಟವಾಗಿ ಬರೆಯಬಹುದು, ಆದರೆ ಅಳಿಸುವುದು ನೂರಾರು ಪುಟಗಳ ಕಟ್ಟನ್ನು ಒಟ್ಟಿಗೇ. ಜಾಗ ಕಡಿಮೆಯಿದ್ದಾಗ ಒಂದು ಪುಟ ಬದಲಿಸಲು ಉಳಿದವನ್ನೆಲ್ಲ ಬೇರೆಡೆ ಸಾಗಿಸಬೇಕಾಗುತ್ತದೆ. ನಾನು ಯಾವಾಗಲೂ ಐದನೇ ಒಂದು ಭಾಗ ಖಾಲಿ ಬಿಡುತ್ತೇನೆ. ನೀವು ಅಳಿಸಿದ ಫೈಲ್‌ಗಳ ಜಾಗ ಬಿಡುವಾಯಿತು ಎಂದು ಡ್ರೈವ್‌ಗೆ ತಿಳಿಸುವ ಟ್ರಿಮ್ ಸೌಲಭ್ಯ ವಿಂಡೋಸ್‌ನಲ್ಲಿ 2009ರ ವಿಂಡೋಸ್ 7ರಿಂದಲೇ ಇದೆ, ಅದಾಗಿಯೇ ಕೆಲಸ ಮಾಡುತ್ತದೆ. ಎಸ್‌ಎಸ್‌ಡಿಗೆ ಚದುರಿದ ತುಂಡುಗಳನ್ನು ಒಟ್ಟುಗೂಡಿಸುವ ಹಳೆಯ ಕಾಲದ ಡಿಫ್ರ್ಯಾಗ್ ಪ್ರೋಗ್ರಾಮುಗಳನ್ನು ಓಡಿಸಬೇಡಿ.

ಪ್ರೊಸೆಸರ್ ಅಂಕಗಳು

ಪ್ರೊಸೆಸರಿನ ವೇಗ ಅಳೆಯುವ ಗೀಕ್‌ಬೆಂಚ್, ಸಿನಿಬೆಂಚ್ ಎಂಬ ಪ್ರೋಗ್ರಾಮುಗಳ ಹೆಸರು ಕೇಳಿರುತ್ತೀರಿ. ಒಂದು ನಿಯಮ ಗಟ್ಟಿಯಾಗಿ ಹಿಡಿದುಕೊಳ್ಳಿ: ಒಂದೇ ಪ್ರೋಗ್ರಾಮಿನ ಒಂದೇ ಆವೃತ್ತಿಯ ಅಂಕಗಳನ್ನು ಮಾತ್ರ ಹೋಲಿಸಿ. ಗೀಕ್‌ಬೆಂಚ್ 5ರಲ್ಲಿ ಐ3-8100 ಪ್ರೊಸೆಸರಿಗೆ 1000 ಎಂದು ಅಳತೆಗೋಲು ಇಟ್ಟಿದ್ದರು. ಗೀಕ್‌ಬೆಂಚ್ 6ರಲ್ಲಿ ಐ7-12700ಕ್ಕೆ 2500. ಗೋಲೇ ಬದಲಾದಾಗ ಅಂಕಗಳನ್ನು ಪಕ್ಕಪಕ್ಕ ಇಟ್ಟು ಏನು ಪ್ರಯೋಜನ? ಸಿನಿಬೆಂಚ್ ಆರ್23ರಲ್ಲಿ ಹತ್ತು ಸಾವಿರ ಪಡೆದ ಯಂತ್ರ ಸಿನಿಬೆಂಚ್ 2024ರಲ್ಲಿ ಕೆಲವೇ ನೂರು ತೋರಿಸುತ್ತದೆ, ಯಂತ್ರ ಕೆಟ್ಟಿದೆ ಎಂದಲ್ಲ.

ಸಿಂಗಲ್ ಕೋರ್, ಮಲ್ಟಿ ಕೋರ್ ಎಂದು ಎರಡು ಅಂಕ ಬರುತ್ತವೆ. ಟೈಪಿಂಗ್, ಬ್ರೌಸರ್, ಪುಟವಿನ್ಯಾಸ, ಟ್ಯಾಲಿ ಮಾಡುವವರು ಮೊದಲನೆಯದನ್ನು ನೋಡಿ. ವಿಡಿಯೋ ರೆಂಡರ್, ತ್ರೀಡಿ, ದೊಡ್ಡ ಪ್ರೋಗ್ರಾಮುಗಳನ್ನು ಕಂಪೈಲ್ ಮಾಡುವವರು ಎರಡನೆಯದನ್ನು. ಲ್ಯಾಪ್‌ಟಾಪ್ ಕೊಳ್ಳುವವರು ಸಿನಿಬೆಂಚನ್ನು ಹತ್ತು ನಿಮಿಷ ಪೂರ್ತಿ ಓಡಿಸಿದ ಅಂಕವನ್ನೇ ಕೇಳಿ. ಮೊದಲ ನಿಮಿಷದಲ್ಲಿ ಎಲ್ಲ ಲ್ಯಾಪ್‌ಟಾಪೂ ಚುರುಕು. ಬಿಸಿಯೇರಿ ಫ್ಯಾನ್ ಕಿರುಚತೊಡಗಿದ ಮೇಲೆ ಎಷ್ಟು ಉಳಿಯುತ್ತದೆ ಎಂಬುದು ಮುಖ್ಯ.

ಎಲ್ಲವನ್ನೂ ಬೆರೆಸಿ ಒಂದೇ ಸಂಖ್ಯೆ ಕೊಡುವ ಪ್ರೋಗ್ರಾಮುಗಳನ್ನು ನಾನು ಅಷ್ಟು ನೆಚ್ಚುವುದಿಲ್ಲ. ವಿಂಡೋಸ್ 7ರಲ್ಲಿ 1.0ರಿಂದ 7.9ರವರೆಗಿನ ಒಂದು ಅಂಕ ಬರುತ್ತಿತ್ತು, ನೆನಪಿರಬಹುದು. ಅದು ಸರಾಸರಿ ತೆಗೆಯುತ್ತಿರಲಿಲ್ಲ. ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಎಲ್ಲದರಲ್ಲೂ ಅತಿ ಕಡಿಮೆ ಬಂದದ್ದನ್ನೇ ಒಟ್ಟು ಅಂಕ ಎನ್ನುತ್ತಿತ್ತು. ಎಲ್ಲಿ ಸೋರುತ್ತಿದೆ ಎಂದು ಅದು ತೋರಿಸುತ್ತಿತ್ತು. ನಮ್ಮೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಬಂದ ಪರಮ್ ಪ್ರವೇಗ ಸೂಪರ್ ಕಂಪ್ಯೂಟರಿನ 3.3 ಪೆಟಾಫ್ಲಾಪ್ ಕೂಡ ದಶಾಂಶ ಲೆಕ್ಕಗಳನ್ನು ಮಾಡುವ ವೇಗದ ಎಣಿಕೆ. ಡಿಸ್ಕಿನಿಂದ ದತ್ತಾಂಶ ಎಷ್ಟು ಬೇಗ ಬರುತ್ತದೆ ಎಂಬುದಕ್ಕೆ ಅಲ್ಲೂ ಬೇರೆ ಅಳತೆ ಬೇಕು.

ಎಸ್.ಪಿ. ರೋಡಿಗೆ ಹೋಗುವ ಮುನ್ನ

ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಿಮ್ಮ ಸ್ಲಾಟ್ ಯಾವ ತಲೆಮಾರು, ಎಷ್ಟು ಲೇನ್. ಚಿಪ್ ಟಿಎಲ್‌ಸಿಯೋ ಕ್ಯೂಎಲ್‌ಸಿಯೋ. ಡ್ರೈವ್‌ಗೆ ತನ್ನದೇ ಡಿರ‍್ಯಾಮ್ (ತಾತ್ಕಾಲಿಕ ಸ್ಮೃತಿಯ ಚಿಪ್) ಇದೆಯೇ, ಅಥವಾ ಕಂಪ್ಯೂಟರಿನ ರ‍್ಯಾಮಿನಲ್ಲೇ ಚೂರು ಜಾಗ ಎರವಲು ಪಡೆಯುವ ಎಚ್‌ಎಂಬಿ ಬಗೆಯೇ. ಎನ್‌ವಿಎಂಇಯಲ್ಲಿ ಎರಡನೆಯದೂ ಮನೆಬಳಕೆಗೆ ಸಾಕು. ಸಾಟಾದಲ್ಲಿ ಎಚ್‌ಎಂಬಿ ಸೌಲಭ್ಯ ಇಲ್ಲದ್ದರಿಂದ ಅಲ್ಲಿ ಡಿರ‍್ಯಾಮ್ ಇರುವುದನ್ನೇ ಕೊಳ್ಳಿ ಎನ್ನುತ್ತೇನೆ.

ಒಟ್ಟು ಎಷ್ಟು ಟಿಬಿ ಬರೆಯಬಹುದು ಎಂದು ಹೇಳುವ, ಬಾಳಿಕೆಯ ಟಿಬಿಡಬ್ಲ್ಯೂ ಸಂಖ್ಯೆ ಕಂಡು ಹೆದರುವವರಿದ್ದಾರೆ. 1 ಟಿಬಿಯ ಒಳ್ಳೆಯ ಟಿಎಲ್‌ಸಿ ಡ್ರೈವ್‌ಗೆ ಸಾಮಾನ್ಯವಾಗಿ 600 ಟಿಬಿ ಬರೆಯುವ ತನಕ ಅಥವಾ ಐದು ವರ್ಷ ಗ್ಯಾರಂಟಿ ಕೊಡುತ್ತಾರೆ. ಅಂದರೆ ಐದು ವರ್ಷ ದಿನವೂ 328 ಜಿಬಿ ಬರೆಯಬೇಕು. ಅಕ್ಕನ ಅಂಗಡಿಯಲ್ಲಿ ಅಷ್ಟು ಬರೆಯಲು ತಿಂಗಳು ಬೇಕು.

ವಿಮರ್ಶೆ ಓದುವಾಗ ತಾರೀಖು ನೋಡಿ. 2021ರಲ್ಲಿ ಹಲವು ಕಂಪನಿಗಳು ಅದೇ ಮಾಡೆಲ್ ಹೆಸರಿನಡಿ ಒಳಗಿನ ಚಿಪ್ಪನ್ನೋ, ಡ್ರೈವ್‌ನ ಕೆಲಸ ನಡೆಸುವ ಕಂಟ್ರೋಲರನ್ನೋ ಬದಲಿಸಿದ್ದು ಬೆಳಕಿಗೆ ಬಂತು. ಮೊದಲ ತಿಂಗಳ ವಿಮರ್ಶೆಯಲ್ಲಿ ಹೊಗಳಿದ ಡ್ರೈವ್ ಮತ್ತು ನಿಮ್ಮ ಕೈಗೆ ಬಂದದ್ದು ಹೆಸರಿನಲ್ಲಿ ಮಾತ್ರ ಒಂದಾಗಿರಬಹುದು. ಇನ್ನು ಸಾವಿರ ರೂಪಾಯಿಗೆ 16 ಟಿಬಿಯ ಪುಟ್ಟ ಪೋರ್ಟಬಲ್ ಎಸ್‌ಎಸ್‌ಡಿ ಎಂದು ಆನ್‌ಲೈನಿನಲ್ಲಿ ಕಂಡರೆ ಮುಟ್ಟಲೇಬೇಡಿ. ಅವು ಚಿಕ್ಕ ಮೆಮೊರಿ ಚಿಪ್ಪಿಗೆ ಸುಳ್ಳು ಗಾತ್ರ ಹೇಳಿಸಿದವು. ತುಂಬಿದ ಮೇಲೆ ಹಳೆಯ ಫೈಲ್‌ಗಳ ಮೇಲೆಯೇ ಬರೆಯುತ್ತವೆ. ಮಕ್ಕಳ ಫೋಟೋ ಹೀಗೆ ಕಳೆದುಕೊಂಡವರ ಮುಖ ನೋಡಿದ್ದೇನೆ. ಅನುಮಾನವಿದ್ದರೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಪ್ರೋಗ್ರಾಂ ಇಡೀ ಡ್ರೈವನ್ನು ತುಂಬಿ, ಮತ್ತೆ ಓದಿ, ನಿಜ ಗಾತ್ರ ಹೇಳುತ್ತದೆ.

ಬಿಲ್ಲಿನಲ್ಲಿ ಸೀರಿಯಲ್ ಸಂಖ್ಯೆ ಬರೆಸಿ. ಮನೆಗೆ ಬಂದ ರಾತ್ರಿಯೇ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಪುಟದ ಮತ್ತು ಮೊದಲ ಅಳತೆಯ ಚಿತ್ರ ತೆಗೆದು ಬಿಲ್ಲಿನ ಫೋಟೋ ಜೊತೆ ಇಡಿ. ಎರಡು ವರ್ಷದ ಮೇಲೆ ನಿಧಾನ ಅನಿಸಿದಾಗ ಹೋಲಿಸಲು ಅದೇ ಆಧಾರ. ಆರೋಗ್ಯದ ಪುಟದಲ್ಲಿ ಮೀಡಿಯಾ ಎರರ್ ಎಂಬ ಎಣಿಕೆ ಸೊನ್ನೆಯಿಂದ ಮೇಲೇರತೊಡಗಿದರೆ ಅವತ್ತೇ ಬ್ಯಾಕಪ್ ತೆಗೆಯಿರಿ.

ಕೊನೆಗೆ, ಗಡಿಯಾರ

ನಿಮ್ಮ ಕೆಲಸಕ್ಕೆ ನಿಮ್ಮದೇ ಪರೀಕ್ಷೆ ಬೇಕು. ನಾಲ್ಕು ಕೆಲಸ ಆರಿಸಿಕೊಳ್ಳಿ, ಮೊಬೈಲಿನ ಸ್ಟಾಪ್‌ವಾಚ್ ಹಿಡಿದುಕೊಳ್ಳಿ. ಪ್ರತಿ ಸಲವೂ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ ಶುರುಮಾಡಿ, ಇಲ್ಲದಿದ್ದರೆ ಹಿಂದಿನ ಸಲ ಓದಿದ್ದು ರ‍್ಯಾಮಿನಲ್ಲೇ ಉಳಿದಿದ್ದು ಡಿಸ್ಕಿನ ಪರೀಕ್ಷೆಯೇ ಆಗುವುದಿಲ್ಲ.

ಅಕ್ಕನ ಅಂಗಡಿಯಲ್ಲಿ ನಾವು ಆರಿಸಿದ್ದು ಇವು: ಕಂಪ್ಯೂಟರ್ ಆನ್ ಆಗುವುದು, ಫೋಟೋಶಾಪ್ ತೆರೆಯುವುದು, 240 ಪುಟದ ಸ್ಮರಣ ಸಂಚಿಕೆಯ ಫೈಲ್ ತೆರೆಯುವುದು, ಅದನ್ನು ಪಿಡಿಎಫ್ ಮಾಡುವುದು. ಹಳೆಯ ಹಾರ್ಡ್‌ಡಿಸ್ಕನ್ನು ಮತ್ತೆ ಜೋಡಿಸಿ ಅಳೆದೆವು, ಆಮೇಲೆ ಹೊಸದರಲ್ಲಿ. ಮೊದಲ ಮೂರೂ ನಿಮಿಷಗಳಿಂದ ಸೆಕೆಂಡುಗಳಿಗೆ ಇಳಿದವು. ಪಿಡಿಎಫ್ ಮಾತ್ರ ಅಷ್ಟೇನೂ ಬದಲಾಗಲಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು ಮತ್ತೊಮ್ಮೆ ಮಾಡಿದಾಗ ಮೆಮೊರಿ ಶೇ. 94ಕ್ಕೆ ಏರಿ ಅಲ್ಲೇ ನಿಂತಿತು. ಎಂಟು ಜಿಬಿಯ ಒಂದೇ ರ‍್ಯಾಮ್ ಕಡ್ಡಿ, ಪಕ್ಕದ ಸ್ಲಾಟ್ ಖಾಲಿ.

"ಹಾಗಾದ್ರೆ 7000ದ್ದು ತಗೊಂಡಿದ್ದು ದಂಡ ಆಯ್ತಾ?" ಅಂದಳು.

ದಂಡವೇನಲ್ಲ. ಅವಳ ಸ್ಲಾಟಿಗೆ 3500ರ ಅಗ್ಗದ ಡ್ರೈವ್ ಹಾಕಿದ್ದರೂ ಇದೇ ಅನುಭವ ಸಿಗುತ್ತಿತ್ತು, ಉಳಿದ ದುಡ್ಡಿನಲ್ಲಿ ಒಂದು ರ‍್ಯಾಮ್ ಕಡ್ಡಿ ಬರುತ್ತಿತ್ತು, ಅದು ನಿಜ. ಆದರೆ ಮದರ್‌ಬೋರ್ಡ್ ಬದಲಿಸುವ ದಿನ ಈ ಡ್ರೈವ್ ಬಿಚ್ಚಿ ಹೊಸ ಸ್ಲಾಟಿಗೆ ಹಾಕಿಕೊಳ್ಳಬಹುದು. ಮುಂದಿನ ವಾರ ಅವಳು ಅದೇ ಅಂಗಡಿಗೆ ಹೋಗಿ, ಹಳೆಯ ಕಡ್ಡಿಯ ವೇಗಕ್ಕೆ ಹೊಂದುವ ಇನ್ನೊಂದು ಎಂಟು ಜಿಬಿ ತಂದು ಖಾಲಿ ಸ್ಲಾಟಿನಲ್ಲಿ ಕೂರಿಸಿದಳು. ಸಂಜೆ ಸ್ಟಾಪ್‌ವಾಚಿನ ಫೋಟೋ ಕಳಿಸಿದಳು: ಪಿಡಿಎಫ್ ಆಗಲು ಮೊದಲು ಹಿಡಿಯುತ್ತಿದ್ದ ಹೊತ್ತಿನಲ್ಲಿ ಅರ್ಧಕ್ಕಿಂತ ಕಡಿಮೆ.